ತಾನಾಗಿ ಕಲಿತ ವಿದ್ಯೆಯೂ ದೇವರ ವರವೇ

(ಓದತಕ್ಕ ವೇದಭಾಗಗಳು: ವಿಮೋಚನಕಾಂಡ ೩೫:೩೦–೩೫, ೧ ಸಮುವೇಲ ೧೭:೩೨–೪೦, ಮತ್ತಾಯ ೨೫:೧೪–೩೦, ಗಲಾತ್ಯ ೬:೧–೫.)



ನಮ್ಮ ಸಭೆಗಳಲ್ಲಿ ಯಾರನ್ನಾದರೂ ಕರೆದು, "ನಿಮಗೆ ಯಾವ ವಿದ್ಯೆ ಬರುತ್ತದೆ?" ಎಂದು ಕೇಳಿದರೆ ಹೆಚ್ಚಾಗಿ ದೊರೆಯುವ ಉತ್ತರವು ಒಂದೇ. "ನಮಗೇನು ಬರುತ್ತದೆ, ಅಯ್ಯನವರೇ? ನಾವು ಓದಿದವರಲ್ಲ" ಎನ್ನುತ್ತಾರೆ. ಹೀಗನ್ನುವ ತಾಯಿಯು ಹಳೇ ಸೀರೆಯ ತುಂಡುಗಳನ್ನು ಜೋಡಿಸಿ, ಮಕ್ಕಳನ್ನು ಚಳಿಯಿಂದ ಕಾಯುವ ಕೌದಿಯನ್ನು ಹೊಲಿದಿರುತ್ತಾಳೆ. ಹೀಗನ್ನುವ ತಂದೆಯು ಬಿದಿರನ್ನು ಸೀಳಿ, ಕಾಳು ಸೋರದಂಥ ಬುಟ್ಟಿಯನ್ನು ಹೆಣೆಯಬಲ್ಲನು. ಹೀಗನ್ನುವ ಯೌವನಸ್ಥನು ಕೆಟ್ಟುಹೋದ ಸೈಕಲನ್ನು ಬಿಚ್ಚಿ, ದೋಷವನ್ನು ಕಂಡುಹಿಡಿದು, ಮತ್ತೆ ಓಡುವಂತೆ ಮಾಡುವನು. ಇವುಗಳನ್ನು ಯಾವ ಶಾಲೆಯೂ ಅವರಿಗೆ ಕಲಿಸಲಿಲ್ಲ. ಕಣ್ಣಿನಿಂದ ನೋಡಿ, ಕೈಯಿಂದ ಮಾಡಿ, ಕೆಡಿಸಿ, ಪುನಃ ಮಾಡಿ ಕಲಿತರು. ಶಾಲೆಯಲ್ಲಿ ಕಲಿಯದ ಕಾರಣದಿಂದಲೇ ಅವುಗಳನ್ನು ವಿದ್ಯೆಯೆಂದು ಅವರು ಎಣಿಸುವದಿಲ್ಲ. ಇಂಥ ವಿದ್ಯೆಗಾಗಿ ಕ್ರೈಸ್ತನು ಸಂತೋಷಪಡಬಹುದೋ, ಅದು ಗರ್ವವಾಗುವದೋ ಎಂಬದು ಈ ಪಾಠದ ಪ್ರಶ್ನೆಯಾಗಿದೆ.

ಇದನ್ನು ಬೋಧಿಸುವದಕ್ಕೆ ಮೊದಲು ನಮ್ಮದೇ ಒಂದು ಅಪರಾಧವನ್ನು ಒಪ್ಪಿಕೊಳ್ಳಬೇಕಾಗಿದೆ. ನಮ್ಮ ಹೊಣೆಯಲ್ಲಿರುವ ಒಂದು ಹಳ್ಳಿಯಲ್ಲಿ ಆಡುಗಳನ್ನು ಮೇಯಿಸುವ ಹುಡುಗನೊಬ್ಬನಿದ್ದಾನೆ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಅವನು ತೇರ್ಗಡೆಯಾಗಲಿಲ್ಲ. ಆದರೆ ಕಾಯಿಸಿದ ಕಬ್ಬಿಣದ ಸರಳಿನಿಂದ ಬಿದಿರಿಗೆ ತೂತು ಕೊರೆದು ಕೊಳಲು ಮಾಡುವದನ್ನೂ ಅದನ್ನು ನುಡಿಸುವದನ್ನೂ ತಾನಾಗಿಯೇ ಕಲಿತನು. ಮೊದಲಿನ ಕೊಳಲುಗಳಲ್ಲಿ ತೂತುಗಳ ಅಂತರ ತಪ್ಪಿ ಸ್ವರ ಕೆಟ್ಟಿತು. ಅವುಗಳನ್ನು ಒಲೆಗೆ ಹಾಕಿ ಮತ್ತೊಂದನ್ನು ಕೊರೆದನು. ಒಂದು ದಿನ ದೃಢೀಕರಣದ ಪಾಠಕ್ಕೆ ಅವನು ತಡವಾಗಿ ಬಂದಾಗ, ಸೊಂಟದಲ್ಲಿ ಸಿಕ್ಕಿಸಿದ್ದ ಕೊಳಲನ್ನು ಕಂಡು ನಾವು ಎಲ್ಲರ ಮುಂದೆ, "ಪಾಠ ಬಾರದವನಿಗೆ ಈ ಊದುವ ಕೋಲು ಯಾಕೆ? ಇದು ನಿನಗೆ ಅನ್ನ ಕೊಡುವದೋ?" ಎಂದು ಗದರಿಸಿದೆವು. ಜೊತೆಯ ಮಕ್ಕಳು ನಕ್ಕರು. ಅವನು ತಲೆತಗ್ಗಿಸಿ ಕುಳಿತನು. ಮುಂದಿನ ಭಾನುವಾರದಿಂದ ಆರಾಧನೆಗೆ ಬರಲಿಲ್ಲ. ಇದು ಹುಡುಗನ ಹಟವೆಂದು ನಾವು ಬಹುಕಾಲ ಎಣಿಸಿದ್ದೆವು.

ಕೆಲವು ತಿಂಗಳುಗಳಾದ ಮೇಲೆ ಸಭೆಯ ಕೆಲಸದ ನಿಮಿತ್ತ ನಾವು ಬೆಂಗಳೂರಿಗೆ ಹೋಗಬೇಕಾಯಿತು. ಬಸವನಗುಡಿಯ ಮಗ್ಗುಲಲ್ಲಿ ನರಸಿಂಹರಾಜ ಕಾಲೋನಿಯುಂಟು. ಜನರು ಅದನ್ನು ಎನ್.ಆರ್. ಕಾಲೋನಿಯೆಂದು ಕರೆಯುತ್ತಾರೆ. ಅಲ್ಲಿ ಬುಲ್ ಟೆಂಪಲ್ ರಸ್ತೆಯಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಮುಂದೆ ನಿಂತೆವು. ಜನರು ಬಂದು ಓದುವದಕ್ಕೂ, ಉಪನ್ಯಾಸಗಳನ್ನು ಕೇಳುವದಕ್ಕೂ, ಲೋಕಹಿತದ ವಿಷಯಗಳನ್ನು ವಿಚಾರಿಸುವದಕ್ಕೂ ಆ ಸಂಸ್ಥೆಯು ೧೯೪೫ರಲ್ಲಿ ಸ್ಥಾಪಿತವಾಯಿತು. ಅದನ್ನು ಸ್ಥಾಪಿಸಿದವರು ಡಿ.ವಿ. ಗುಂಡಪ್ಪನವರು.

ಇವರು ೧೮೮೭ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಅವರ ಶಾಲೆಯ ಓದು ನಿಂತುಹೋಯಿತು. ಹೊಟ್ಟೆಪಾಡಿಗಾಗಿ ಕೆಲವು ಕಾಲ ಬದಲಿ ಉಪಾಧ್ಯಾಯರಾಗಿಯೂ, ಸೋಡಾ ಕಾರ್ಖಾನೆಯಲ್ಲಿಯೂ, ಬೆಂಗಳೂರಿಗೆ ಬಂದ ಮೇಲೆ ಜಟಕಾಬಂಡಿಗಳಿಗೆ ಬಣ್ಣ ಬಳಿಯುವ ಕಾರ್ಖಾನೆಯಲ್ಲಿಯೂ ದುಡಿದರು. ಆದರೆ ಪರೀಕ್ಷೆಯು ಮುಚ್ಚಿದ ಬಾಗಿಲಿನ ಮುಂದೆ ಅವರು ಕುಳಿತುಕೊಳ್ಳಲಿಲ್ಲ. ಪಂಡಿತರ ಬಳಿಗೆ ಹೋಗಿ ಸಂಸ್ಕೃತವನ್ನು ಅಭ್ಯಾಸಮಾಡಿದರು, ಇಂಗ್ಲಿಷ್ ಗ್ರಂಥಗಳನ್ನು ತಾವೇ ಓದಿ ಅರಗಿಸಿಕೊಂಡರು, ಪತ್ರಿಕೆಗಳನ್ನು ನಡಿಸಿದರು. ೧೯೩೨ರಲ್ಲಿ ಮಡಿಕೇರಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಹಳ್ಳಿಯವರೂ ಹೆಸರು ಕೇಳಿರುವ ಮಂಕುತಿಮ್ಮನ ಕಗ್ಗವು ೧೯೪೩ರಲ್ಲಿ ಪ್ರಕಟವಾಯಿತು. ಮೆಟ್ರಿಕ್ಯುಲೇಷನ್ನನ್ನೂ ದಾಟದ ಈ ಮನುಷ್ಯರಿಗೆ ಮೈಸೂರು ವಿಶ್ವವಿದ್ಯಾನಿಲಯವು ೧೯೬೧ರಲ್ಲಿ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. ೧೯೭೦ರಲ್ಲಿ ರವೀಂದ್ರ ಕಲಾಕ್ಷೇತ್ರದಲ್ಲಿ ಅವರನ್ನು ಸನ್ಮಾನಿಸಿ ಅರ್ಪಿಸಿದ ಹಣವನ್ನು ತಮಗಾಗಿ ಇಟ್ಟುಕೊಳ್ಳದೆ ಆ ಸಂಸ್ಥೆಗೇ ಕೊಟ್ಟುಬಿಟ್ಟರು. ೧೯೭೫ರಲ್ಲಿ ತೀರಿಕೊಂಡರು.

ಇವರು ನಮ್ಮ ಮತದವರಲ್ಲ. ಆದರೂ ನಮ್ಮ ಕರ್ತನು ಅನ್ಯಜನದ ಶತಾಧಿಪತಿಯಲ್ಲಿದ್ದ ಒಳ್ಳೇದನ್ನು ಕಂಡು ಮೆಚ್ಚಿಕೊಂಡನಲ್ಲವೇ? ಶಾಲೆಯಿಂದ ಹೊರಗುಳಿದ ಒಬ್ಬರು ಇತರರು ಕುಳಿತು ಓದುವದಕ್ಕೆ ಮನೆಯನ್ನು ಮಾಡಿಕೊಟ್ಟರು. ಆ ಬಾಗಿಲಲ್ಲಿ ನಿಂತಾಗ ನಮಗೆ ಗುಂಡಪ್ಪನವರ ಬಿರುದುಗಳು ನೆನಪಾಗಲಿಲ್ಲ. ಆಡು ಮೇಯಿಸುವ ಆ ಹುಡುಗನು ನೆನಪಿಗೆ ಬಂದನು. ಪರೀಕ್ಷೆಯಲ್ಲಿ ಸೋತವನ ಕೈಯಲ್ಲಿ ದೇವರು ಏನನ್ನಿಟ್ಟಿದ್ದಾನೆಂದು ನಾವು ಕೇಳಿರಲಿಲ್ಲ. ಇದ್ದದ್ದನ್ನು ಕಂಡು ಹಾಸ್ಯಮಾಡಿದ್ದೆವು.

ಈಗ ದೇವರ ವಾಕ್ಯವನ್ನು ನೋಡೋಣ.

ಮೊದಲನೆಯದಾಗಿ, ಕೈಯ ಕೌಶಲವನ್ನು ಕೊಡುವವನು ದೇವರೇ. ಗುಡಾರವನ್ನು ಕಟ್ಟುವ ಕಾಲದಲ್ಲಿ ದೇವರು ಬೆಚಲೇಲನನ್ನು ಹೆಸರು ಹಿಡಿದು ಕರೆದು, ಚಿನ್ನ, ಬೆಳ್ಳಿ, ತಾಮ್ರ, ಕಲ್ಲು, ಮರಗಳ ಕೆಲಸಕ್ಕಾಗಿ ತನ್ನ ಆತ್ಮದಿಂದ ತುಂಬಿಸಿದನೆಂದು ಓದುತ್ತೇವೆ. ಅವನಿಗೂ ಒಹೊಲೀಯಾಬನಿಗೂ ಇತರರಿಗೆ ಕಲಿಸುವ ಮನಸ್ಸನ್ನೂ ಕೊಟ್ಟನು. ಪ್ರವಾದನೆಗೆ ಮಾತ್ರವಲ್ಲ, ಉಳಿ ಹಿಡಿಯುವದಕ್ಕೂ ನೂಲು ನೇಯುವದಕ್ಕೂ ದೇವರಾತ್ಮವು ಬೇಕೆಂದು ಇದರಿಂದ ತಿಳಿಯುವದು. ಯೊಪ್ಪದಲ್ಲಿ ತಬಿಥಾ ತೀರಿಕೊಂಡಾಗ ವಿಧವೆಯರು ಪೇತ್ರನಿಗೆ ತೋರಿಸಿದ್ದು ಅವಳು ತಮಗಾಗಿ ಹೊಲಿದಿದ್ದ ಅಂಗಿಗಳನ್ನೇ.

ಎರಡನೆಯದಾಗಿ, ಒಂದೇ ತಲಾಂತು ದೊರೆತವನು ಬಡವನಲ್ಲ. ಆ ಕಾಲದ ಕೂಲಿಯವನ ದಿನದ ಸಂಬಳವು ಒಂದು ದಿನಾರಿ. ಒಂದು ತಲಾಂತಿಗೆ ಸುಮಾರು ೬೦೦೦ ದಿನಾರಿ. ಸಬ್ಬತ್ ದಿನಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಅದು ಸುಮಾರು ೨೦ ವರುಷಗಳ ಕೂಲಿ. ಹೀಗಿರಲಾಗಿ, ಮಣ್ಣಿನಲ್ಲಿ ಹೂಳಿಟ್ಟ ಸೇವಕನಿಗೆ ದೊರೆತದ್ದು ಅಲ್ಪವಾದದ್ದಲ್ಲ. ಅವನು ಅದನ್ನು ಕಳೆಯಲಿಲ್ಲ, ಕುಡಿದು ಹಾಳುಮಾಡಲಿಲ್ಲ. ಭಯಪಟ್ಟು ಬಚ್ಚಿಟ್ಟನು, ಅಷ್ಟೇ. "ನಮಗೇನು ಬರುತ್ತದೆ?" ಎನ್ನುವ ನಮ್ಮ ಮಾತು ಅನೇಕ ಸಾರಿ ದೀನತೆಯಲ್ಲ, ಅದು ಆ ಸೇವಕನ ಗುದ್ದಲಿಯೇ. ನಮ್ಮ ಹಿರಿಯರ ಕೈಕೆಲಸಗಳನ್ನು ಊರಿನ ದೊಡ್ಡವರು ಬಹುಕಾಲ ಹೀನವೆಂದು ನುಡಿದರು. ಅದನ್ನು ಕೇಳಿ ಕೇಳಿ ನಾವೂ ನಂಬಿಬಿಟ್ಟೆವು. ಆ ಮಾತು ಮನುಷ್ಯರದು, ದೇವರದಲ್ಲ.

ಮೂರನೆಯದಾಗಿ, ಸಂತೋಷವು ಬೇರೆ, ಗರ್ವವು ಬೇರೆ. ಪೌಲನು ಗಲಾತ್ಯದವರಿಗೆ ಬರೆದದ್ದನ್ನು ಗಮನಿಸಿರಿ. ಪ್ರತಿಯೊಬ್ಬನು ತನ್ನ ಕೆಲಸವನ್ನು ತಾನೇ ಪರಿಶೋಧಿಸಲಿ, ಆಗ ಮತ್ತೊಬ್ಬನೊಂದಿಗೆ ಹೋಲಿಸದೆ ತನ್ನಲ್ಲಿಯೇ ಹರ್ಷಕ್ಕೆ ಕಾರಣ ದೊರೆಯುವದು ಎಂಬದು ಅಲ್ಲಿಯ ತಾತ್ಪರ್ಯ. "ನೆರೆಯವಳ ಕೌದಿಗಿಂತ ನನ್ನದು ಚೆನ್ನ" ಎಂಬದು ಗರ್ವ. "ಹೋದ ವರುಷದ ಕೌದಿಗಿಂತ ಈ ವರುಷದ್ದು ಚೆನ್ನಾಯಿತು, ದೇವರಿಗೆ ಸ್ತೋತ್ರ" ಎಂಬದು ಸಂತೋಷ. ಕೊಟ್ಟವನನ್ನು ಮರೆತರೆ ಗರ್ವ, ನೆನೆದರೆ ಕೃತಜ್ಞತೆ.

ನಾಲ್ಕನೆಯದಾಗಿ, ದೇವರು ನಮ್ಮ ಕೈಗೆ ಹೊಂದಿದ್ದನ್ನೇ ಉಪಯೋಗಿಸುತ್ತಾನೆ. ಸೌಲನು ದಾವೀದನಿಗೆ ತನ್ನ ಕವಚವನ್ನು ತೊಡಿಸಿದಾಗ ಅವನು ಅದರಲ್ಲಿ ನಡೆಯಲಾರದೆ ಹೋದನು. ಕುರಿಗಳ ಹಿಂದೆ ಅಲೆಯುವಾಗ ಕೈಗೂಡಿದ ಕವಣೆಯನ್ನೇ ಹಿಡಿದು ಹೊರಟನು. ಅದೇ ದಾವೀದನು ಕಿನ್ನರಿ ಬಾರಿಸಿ ಅರಸನ ಕಳವಳವನ್ನು ಶಮನಪಡಿಸಿದನು. ಅಡವಿಯಲ್ಲಿ ಕುರಿ ಕಾಯುವವನ ವಾದ್ಯವನ್ನು ದೇವರು ತಿರಸ್ಕರಿಸಲಿಲ್ಲ, ತಿರಸ್ಕರಿಸಿದವರು ನಾವು.

ನಮ್ಮ ಸಭೆಗಳಲ್ಲಿಯೇ ಇದಕ್ಕೆ ಒಳ್ಳೇ ಸಾಕ್ಷಿಯುಂಟು. ಉತ್ತಂಗಿ ಚನ್ನಪ್ಪನವರು ೧೮೮೧ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನ ಬಾಸೆಲ್ ಮಿಶನ್ ಸೆಮಿನರಿಯಲ್ಲಿ ಓದಿ, ಸಭಾಪಾಲಕರಾದವರು. ಬೋಧನೆಯ ಕೆಲಸದ ನಡುವೆ ಅವರಿಗೆ ಸರ್ವಜ್ಞನ ತ್ರಿಪದಿಗಳ ಮೇಲೆ ಪ್ರೀತಿ ಹುಟ್ಟಿತು. ಅವುಗಳನ್ನು ವರುಷಗಟ್ಟಲೆ ಹುಡುಕಿ ಕೂಡಿಸಿ, ಸುಮಾರು ಎರಡು ಸಾವಿರ ವಚನಗಳನ್ನು ೧೯೨೪ರಲ್ಲಿ ಪ್ರಕಟಿಸಿದರು. ೧೯೪೯ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಈ ಕ್ರೈಸ್ತ ಬೋಧಕರೇ ಅಧ್ಯಕ್ಷರಾದರು. ಬಿಡುವಿನ ವೇಳೆಯ ಪ್ರೀತಿಯೂ ಹೀಗೆ ಒಂದು ನಾಡಿಗೆ ಉಪಕಾರವಾಗಬಲ್ಲದು.

ಆದರೆ ಎಚ್ಚರಿಕೆಯ ಒಂದು ಮಾತುಂಟು. ತಾನಾಗಿ ಕಲಿತವನು ತನಗೆ ಗುರುವೇ ಬೇಡವೆಂದು ಹೇಳಬಾರದು. ಗುಂಡಪ್ಪನವರೂ ಪಂಡಿತರ ಮುಂದೆ ಕುಳಿತೇ ಕಲಿತರು. ಬೇರು ಸೊಪ್ಪುಗಳನ್ನು ಬಲ್ಲ ಅಜ್ಜಿಯು ಇಳಿಯದ ಜ್ವರದ ಮಗುವನ್ನು ವೈದ್ಯರ ಬಳಿಗೆ ಕಳುಹಿಸಲಿ. ವಿದ್ಯುತ್ತಿನ ಕೆಲಸವನ್ನು ನೋಡಿ ಕಲಿತ ಹುಡುಗನು ಬಲ್ಲವರಿಲ್ಲದೆ ಕಂಬವನ್ನು ಹತ್ತದಿರಲಿ. ತನ್ನ ವಿದ್ಯೆಯ ಎಲ್ಲೆಯನ್ನು ಅರಿತವನೇ ವಿದ್ಯಾವಂತನು. ಮನೆಯ ಹೊಣೆಯನ್ನು ಹೆಂಡತಿಯ ಮೇಲೆ ಹೊರಿಸಿ ತನ್ನ ಹವ್ಯಾಸದಲ್ಲಿ ಮುಳುಗಿರುವದೂ ಸರಿಯಲ್ಲ.

ಹಾಗಾದರೆ ನಾವು ಮಾಡತಕ್ಕದ್ದೇನು? ಸುಗ್ಗಿಯ ಆರಾಧನೆಗೆ ನಾವು ರಾಗಿ, ಕುಂಬಳ, ಕೋಳಿಗಳನ್ನು ತರುತ್ತೇವೆ. ಈ ವರುಷ ಅವುಗಳ ಜೊತೆಗೆ ಪ್ರತಿ ಮನೆಯವರೂ ತಾವಾಗಿ ಕಲಿತದ್ದರಲ್ಲಿ ಒಂದನ್ನು ತರಲಿ: ಹೆಣೆದ ಬುಟ್ಟಿ, ಹೊಲಿದ ಬಟ್ಟೆ, ಕಟ್ಟಿದ ಪದ, ಕೆತ್ತಿದ ಮರ. ತಂದವನು ಸಭೆಯ ಮುಂದೆ ನಿಂತು, ಅದನ್ನು ಹೇಗೆ ಕಲಿತನೆಂದು ನಾಚಿಕೆಯಿಲ್ಲದೆ ಎರಡು ಮಾತು ಹೇಳಲಿ. ಆ ವರುಷದೊಳಗೆ ಒಂದು ಮಗುವಿಗಾದರೂ ಅದನ್ನು ಕಲಿಸಲಿ. ಯಾಕಂದರೆ ಕಲಿಸದೆ ಸತ್ತವನ ವಿದ್ಯೆಯೂ ಮಣ್ಣಿಗೆ ಸೇರುವದು.

ನಾವು ಬೆಂಗಳೂರಿನಿಂದ ಬಂದ ಮೇಲೆ ಆ ಹುಡುಗನ ಮನೆಗೆ ಹೋಗಿ, ಅವನ ತಂದೆತಾಯಿಗಳ ಮುಂದೆ ಕ್ಷಮೆ ಕೇಳಿಕೊಂಡೆವು. ಅವನು ಬಹಳ ಹೊತ್ತು ಸುಮ್ಮನಿದ್ದು, "ಕೊಳಲು ಸೀಳಿಹೋಯಿತು, ಅಯ್ಯನವರೇ. ಒಳ್ಳೇ ಬಿದಿರು ಸಿಕ್ಕಿದರೆ ಇನ್ನೊಂದು ಕೊರೆಯುತ್ತೇನೆ" ಎಂದನು. ಆರಾಧನೆಗೆ ಬರುವೆನೆಂದು ಅವನು ಹೇಳಲಿಲ್ಲ, ನಾವೂ ಒತ್ತಾಯಪಡಿಸಲಿಲ್ಲ. ಒಳ್ಳೇ ಬಿದಿರನ್ನು ಹುಡುಕುವ ಕೆಲಸವನ್ನು ಮಾತ್ರ ನಾವು ವಹಿಸಿಕೊಂಡಿದ್ದೇವೆ. ಅವನಿಗಾಗಿಯೂ ನಮಗಾಗಿಯೂ ಪ್ರಾರ್ಥಿಸಿರಿ.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:
೧. ಯಾರೂ ಹೇಳಿಕೊಡದೆ ನಾನು ಕಲಿತದ್ದು ಯಾವದು? ಅದಕ್ಕಾಗಿ ದೇವರಿಗೆ ಎಂದಾದರೂ ಸ್ತೋತ್ರ ಮಾಡಿದ್ದೇನೋ?
೨. ತಲಾಂತನ್ನು ಹೂಳಿಟ್ಟ ಸೇವಕನ ತಪ್ಪು ಯಾವದು?
೩. ಯಾರ ವಿದ್ಯೆಯನ್ನು ನಾನು ಹಾಸ್ಯಮಾಡಿದ್ದೇನೆ? ಅವರ ಬಳಿಗೆ ಯಾವಾಗ ಹೋಗುವೆನು?

ಪ್ರಾರ್ಥನೆ: ಸಕಲ ವರಗಳನ್ನು ದಯಪಾಲಿಸುವ ತಂದೆಯೇ, ನಮ್ಮ ಕೈಗಳಿಗೆ ನೀನು ಕಲಿಸಿದ್ದನ್ನು ನಾವು ಅಲ್ಪವೆಂದು ಎಣಿಸಿದ್ದನ್ನು ಕ್ಷಮಿಸು. ಗರ್ವವಿಲ್ಲದೆ ಸಂತೋಷಪಡುವದನ್ನೂ, ಭಯವಿಲ್ಲದೆ ಹಂಚಿಕೊಳ್ಳುವದನ್ನೂ ನಮಗೆ ಕಲಿಸು. ನಮ್ಮ ಮಾತಿನಿಂದ ನೊಂದು ದೂರವಾದವರನ್ನು ನಿನ್ನ ಮನೆಗೆ ತಿರುಗಿ ಬರಮಾಡು. ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.