ಬೀಳುಬಿದ್ದ ಹೊಲ ಕಾಡಾದೀತೇ?

ಪ್ರಶ್ನೆ: ತ್ಯಾವಣಿಗೆ ಬಳಿಯ ನಮ್ಮ ಎರಡು ಎಕರೆ ಖುಷ್ಕಿ ಹೊಲ ಆರು ವರ್ಷದಿಂದ ಬೀಳುಬಿದ್ದಿದೆ. ಕಾಂಗ್ರೆಸ್ ಹುಲ್ಲು, ಲಂಟಾನ ತುಂಬಿವೆ. ಜೆಸಿಬಿಯಲ್ಲಿ ಬಳಿಸಿ ಕಾಡುಗಿಡ ನೆಡಲೇ?

ಉತ್ತರ: ದಯವಿಟ್ಟು ಜೆಸಿಬಿ ಬೇಡ. ಮಣ್ಣು ಮಗುಚಿದರೆ ಮೊದಲು ಮೊಳೆಯುವುದು ಕಾಂಗ್ರೆಸ್ ಹುಲ್ಲೇ. ಲಂಟಾನ ಪೊದೆಯ ಬುಡಕ್ಕೆ ಬಗ್ಗಿ ನೋಡಿ. ಹಕ್ಕಿ ಹಿಕ್ಕೆಯಿಂದ ಹುಟ್ಟಿದ ಬೇವು, ಬಾರೆ, ಕಾರೆ ಸಸಿಗಳು ದನದ ಬಾಯಿಗೆ ಸಿಗದೆ ಅಲ್ಲಿ ಉಳಿದಿರಬಹುದು. ಅವಕ್ಕೆ ಕೋಲು ನೆಟ್ಟು ಗುರುತು ಮಾಡಿ. ಆಮೇಲಷ್ಟೇ ಲಂಟಾನವನ್ನು ಹಂತಹಂತವಾಗಿ, ನೆಲಮಟ್ಟದಿಂದ ಒಂದೆರಡು ಅಂಗುಲ ಕೆಳಗೆ ಬುಡ ಕಡಿದು, ಬೇರು ಮೇಲಾಗಿ ಒಣಗಿಸಿ. ಕಾಂಗ್ರೆಸ್ ಹುಲ್ಲನ್ನು ಹೂ ಬಿಡುವ ಮುನ್ನ ಕೈಗವಸು ತೊಟ್ಟು ಕೀಳಿ. ತುರಿಕೆ, ಉಬ್ಬಸ ಕಂಡರೆ ವೈದ್ಯರ ಬಳಿ ಹೋಗಿ.

ಮೇಯಿಸುವುದು, ಬೆಂಕಿ ಹಚ್ಚುವುದು ನಿಂತರೆ ಅರ್ಧ ಕೆಲಸ ಮುಗಿದಂತೆ. ಖಾಲಿ ಜಾಗಕ್ಕೆ ಮುಂಗಾರಿನಲ್ಲಿ ಹೊಂಗೆ, ಕಮರ, ತಂಗಡಿ ಸಾಕು. ನೀಲಗಿರಿ, ಅಕೇಶಿಯಾ ಬೇಡವೇ ಬೇಡ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಡೆ ಒಮ್ಮೆ ಹೋಗಿಬನ್ನಿ. ಅಲ್ಲಿ ಕಾಣುವಂತೆ, ಕೊಂಡುಕುರಿ ಬಾಳುವ ನಮ್ಮ ಒಣನೆಲದ ಕಾಡು ಕುರುಚಲು, ಹುಲ್ಲಿನದು.

ಬೇಲಿಗೆ ಮುನ್ನ ಹದ್ದುಬಸ್ತು ಮಾಡಿಸಿ. ಪಹಣಿ ಹಿಡಿದು ವಲಯ ಅರಣ್ಯಾಧಿಕಾರಿಯನ್ನು ಕಾಣಿ: ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಸಸಿ ಅಗ್ಗಕ್ಕೆ ಸಿಗುತ್ತದೆ, ಬದುಕುಳಿದ ಸಸಿಗೆ 3 ವರ್ಷ ಪ್ರೋತ್ಸಾಹಧನವೂ ಉಂಟು. ಮಳೆಗಾಲಕ್ಕೆ ಮೊದಲೇ ಹೆಸರು ನೋಂದಾಯಿಸಿ.