ಹೊರಗಿನ ಊಟ: ಗೋಡೆಯ ಮೇಲಿನ ಪತ್ರ ಏನು ಹೇಳುತ್ತದೆ?

ಇಷ್ಟಲಿಂಗಕ್ಕೆ ಅರ್ಪಿಸಿ ಸ್ವೀಕರಿಸುವ ಆಹಾರವು ಶುದ್ಧವಾಗಿರಬೇಕೆಂಬುದು ನಮ್ಮ ಆಚಾರ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಮನೆಯ ಅಡುಗೆಯಲ್ಲಿ ಈ ಎಚ್ಚರವನ್ನು ತಪ್ಪದೆ ಪಾಲಿಸುವ ನಾವು ಹೊರಗೆ ಉಣ್ಣುವಾಗ ಅದನ್ನು ಮರೆಯುತ್ತೇವೆ. ಹಿಂದವಾಡಿ, ಟಿಳಕವಾಡಿ, ಖಾನಾಪುರ ರಸ್ತೆಯ ಆಸುಪಾಸಿನಲ್ಲಿ ನೆಲೆಸಿರುವ ವಿದ್ಯಾರ್ಥಿಗಳು, ನೌಕರರು, ಆಸ್ಪತ್ರೆಗೆ ಬಂದ ರೋಗಿಗಳ ಕಡೆಯವರು ಖಾನಾವಳಿಯನ್ನೇ ನಂಬಿರುತ್ತಾರೆ. ಆದ್ದರಿಂದ ‘ಹೊರಗೆ ಉಣ್ಣಬೇಡಿ’ ಎಂಬ ಉಪದೇಶವೊಂದೇ ಸಾಲದು. ಎಲ್ಲಿ ಉಣ್ಣಬಹುದು, ಯಾವ ಬಾಗಿಲಿನಿಂದ ಹಿಂದಿರುಗಬೇಕು ಎಂಬ ವಿವೇಕವನ್ನು ಬೆಳೆಸಿಕೊಳ್ಳಬೇಕು.

ಅಂಕ ನೀಡುವ ಪದ್ಧತಿ

ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ 2010ರಿಂದ ಪ್ರತಿಯೊಂದು ಉಪಾಹಾರಗೃಹವೂ ತಪಾಸಣೆಯ ಫಲಿತಾಂಶವನ್ನು ಅಕ್ಷರರೂಪದಲ್ಲಿ ಬಾಗಿಲಿನ ಬಳಿ ತೂಗುಹಾಕಬೇಕಾಗಿದೆ. ಅಲ್ಲಿ ಅಂಕಗಳು ದೋಷಗಳ ಎಣಿಕೆ. 13ರವರೆಗೆ ‘ಎ’, 14ರಿಂದ 27ರವರೆಗೆ ‘ಬಿ’, 28 ಅಥವಾ ಅದಕ್ಕಿಂತ ಹೆಚ್ಚಾದರೆ ‘ಸಿ’. ನಮ್ಮ ದೇಶದಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರಲ್ಲಿ ರೂಪುಗೊಂಡು, 2011ರ ಆಗಸ್ಟ್ 5ರಿಂದ ಪೂರ್ಣವಾಗಿ ಜಾರಿಗೆ ಬಂದಿತು. ಈ ಕಾಯ್ದೆಯಡಿಯ ಪ್ರಾಧಿಕಾರವು 1ರಿಂದ 5ರವರೆಗಿನ ಶುಚಿತ್ವದ ಶ್ರೇಣಿಯನ್ನು ನಗುಮುಖದ ಚಿಹ್ನೆಗಳಿಂದ ತೋರಿಸುವ ಯೋಜನೆಯನ್ನೂ ತಂದಿದೆ. ಆದರೆ ಅದು ಬಹುಮಟ್ಟಿಗೆ ಸ್ವಇಚ್ಛೆಯದು. ಹೀಗಾಗಿ ಶ್ರೇಣಿಯ ಪತ್ರವಿಲ್ಲದ ಖಾನಾವಳಿಯೆಲ್ಲ ಕೊಳಕೆಂದು ತೀರ್ಮಾನಿಸಲಾಗದು.

ಪರವಾನಗಿ ಅಥವಾ ನೋಂದಣಿ ಮಾತ್ರ ಕಡ್ಡಾಯ. ಅದರ ಸಂಖ್ಯೆಯಲ್ಲಿ 14 ಅಂಕೆಗಳಿರುತ್ತವೆ. ಪರವಾನಗಿಯಾದರೆ 1ರಿಂದ, ಸಣ್ಣ ವ್ಯಾಪಾರಿಗಳ ನೋಂದಣಿಯಾದರೆ 2ರಿಂದ ಆರಂಭವಾಗುತ್ತದೆ. ಇದನ್ನು ಗಿರಾಕಿಗಳ ಕಣ್ಣಿಗೆ ಬೀಳುವಂತೆ ಇಡಬೇಕೆಂಬುದು ನಿಯಮ. ಸಂಖ್ಯೆ ಇದ್ದ ಮಾತ್ರಕ್ಕೆ ಅಡುಗೆಮನೆ ಶುಚಿಯಾಗಿದೆಯೆಂದು ಅರ್ಥವಲ್ಲ. ದೂರು ಬಂದರೆ ಉತ್ತರಿಸಬೇಕಾದ ಹೊಣೆಗಾರರು ಇದ್ದಾರೆ ಎಂದು ಅರ್ಥ.

ಎಲ್ಲ ದೋಷಗಳೂ ಸಮಾನವಲ್ಲ

ಕಡಿಮೆ ಶ್ರೇಣಿ ಬಂದಿರುವುದಕ್ಕೆ ಕಾರಣ ಹಲವು. ಗೋಡೆಯ ಸುಣ್ಣ ಉದುರುವುದು, ನೆಲದ ಹಾಸುಗಲ್ಲು ಒಡೆದಿರುವುದು ದೋಷಗಳೇ ಆದರೂ ಅವುಗಳಿಂದಲೇ ಯಾರೂ ಹಾಸಿಗೆ ಹಿಡಿಯುವುದಿಲ್ಲ. ರೋಗ ತರುವ ದೋಷಗಳು ಮುಖ್ಯವಾಗಿ ಮೂರು: ಉಗುರುಬೆಚ್ಚಗೆ ಬಹುಹೊತ್ತು ಇಟ್ಟ ಆಹಾರ, ತೊಳೆಯದ ಕೈ, ಕೆಟ್ಟ ನೀರು.

ಸೂಕ್ಷ್ಮಜೀವಿಗಳು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ವೇಗವಾಗಿ ವೃದ್ಧಿಸುತ್ತವೆ. ಅನ್ನವನ್ನೇ ತೆಗೆದುಕೊಳ್ಳೋಣ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಜೀವಿಯ ಬೀಜಕಗಳು ಕುದಿಸಿದರೂ ಉಳಿದುಕೊಳ್ಳಬಲ್ಲವು. ಬೇಯಿಸಿದ ಅನ್ನವನ್ನು ತಾಸುಗಟ್ಟಲೆ ಹಾಗೆಯೇ ಬಿಟ್ಟರೆ ಅವು ಮೊಳೆತು ವಿಷವನ್ನು ಉತ್ಪಾದಿಸುತ್ತವೆ. ಮತ್ತೆ ಬಿಸಿ ಮಾಡಿದರೂ ವಾಂತಿ ತರುವ ಆ ವಿಷ ನಾಶವಾಗದು. ಮಧ್ಯಾಹ್ನ ಉಳಿದ ಅನ್ನವು ರಾತ್ರಿ ಒಗ್ಗರಣೆ ಕಂಡು ಹೊಗೆಯಾಡುತ್ತ ಬಂದರೂ ಸುರಕ್ಷಿತವೆನ್ನಲಾಗದು.

ನಮ್ಮ ಖಾನಾವಳಿಯ ತಾಟನ್ನೂ ಹೀಗೆಯೇ ಪರಿಶೀಲಿಸಬಹುದು. ಹಂಚಿನಿಂದ ಇಳಿದ ಬಿಸಿ ರೊಟ್ಟಿ, ಕುದಿಯುವ ಸಾರು ಬಹುಮಟ್ಟಿಗೆ ನಿರಪಾಯ. ಒಣಗಿದ ಕಡಕ್ ರೊಟ್ಟಿಯಲ್ಲಿ ತೇವವಿಲ್ಲದ ಕಾರಣ ಸೂಕ್ಷ್ಮಜೀವಿಗಳು ಬೆಳೆಯಲಾರವು. ಅಪಾಯವಿರುವುದು ಹೆಚ್ಚಿಟ್ಟ ಹಸಿ ಉಳ್ಳಾಗಡ್ಡಿ ಮತ್ತು ಸೌತೆಕಾಯಿ, ಬೆಳಗಿನ ಕೊಬ್ಬರಿ ಚಟ್ನಿ, ಮಜ್ಜಿಗೆ ಹಾಗೂ ಕುಡಿಯುವ ನೀರಿನಲ್ಲಿ. ವಿಷಮಶೀತ ಜ್ವರ, ‘ಎ’ ಬಗೆಯ ಕಾಮಾಲೆ ಹರಡುವುದು ಇಂಥ ನೀರು ಮತ್ತು ಕೈಗಳ ಮೂಲಕ. ಮಳೆಗಾಲದಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕು. ಮಿರ್ಚಿ ಭಜಿ ಕರಿಯುವ ಎಣ್ಣೆ ಕಪ್ಪಾಗಿ, ಅಂಟಾಗಿ, ನೊರೆಯೇಳುತ್ತಿದ್ದರೆ ಅದು ಅನೇಕ ಬಾರಿ ಕಾದ ಎಣ್ಣೆಯೆಂದು ತಿಳಿಯಬೇಕು.

ಕಣ್ಣಿಗೆ ಕಾಣದ ದೋಷ

2024ರ ಮಾರ್ಚ್‌ನಲ್ಲಿ ರಾಜ್ಯದ ಆರೋಗ್ಯ ಇಲಾಖೆಯು ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷಿಸಿದಾಗ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಕಂಡುಬಂದಿತು. ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15 ಅಸುರಕ್ಷಿತವಾಗಿದ್ದವು. ಬಟ್ಟೆಗೆ ಬಳಸುವ ರೋಡಮೈನ್-ಬಿ ಎಂಬ ಬಣ್ಣವೂ ಅದರಲ್ಲಿತ್ತು. ಸರ್ಕಾರ ಇವುಗಳಲ್ಲಿ ಕೃತಕ ಬಣ್ಣವನ್ನು ನಿಷೇಧಿಸಿತು. 2025ರ ಫೆಬ್ರವರಿಯಲ್ಲಿ ಇಡ್ಲಿ ಬೇಯಿಸುವಾಗ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುತ್ತಿದ್ದುದು ತಪಾಸಣೆಯಲ್ಲಿ ಹೊರಬಿದ್ದು, ಅದಕ್ಕೂ ನಿಷೇಧ ಬಂದಿತು.

ಇವಾವುವೂ ನಾಲಗೆಗೆ ತಿಳಿಯುವ ದೋಷಗಳಲ್ಲ. ‘ಇಷ್ಟು ವರ್ಷ ಉಂಡಿದ್ದೇವೆ, ಏನೂ ಆಗಿಲ್ಲ’ ಎಂಬ ಮಾತು ಇಲ್ಲಿ ಪ್ರಮಾಣವಾಗದು. ಕೆಂಪಗಿದ್ದರೇ ರುಚಿಯೆಂದು ಬಯಸಿದ ಗಿರಾಕಿಗಳಾದ ನಮ್ಮ ಪಾಲೂ ಇದರಲ್ಲಿದೆ.

ಪಾಲಿಸಬೇಕಾದ ಕ್ರಮ

1. ಕುಳಿತುಕೊಳ್ಳುವ ಮೊದಲೇ ನೋಂದಣಿ ಸಂಖ್ಯೆ, ಕೈ ತೊಳೆಯುವ ಸ್ಥಳ, ಪಾತ್ರೆ ತೊಳೆಯುವ ನೀರು ಇವುಗಳನ್ನು ಗಮನಿಸಬೇಕು.
2. ಶ್ರೇಣಿ ಕಡಿಮೆಯಿದ್ದರೆ ಕಾರಣವನ್ನು ವಿನಯದಿಂದ ಕೇಳಬೇಕು. ಮುಚ್ಚಿಡದೆ ಹೇಳಿ ಸರಿಪಡಿಸುವವರು ವಿಶ್ವಾಸಕ್ಕೆ ಅರ್ಹರು.
3. ಚಿಕ್ಕ ಮಕ್ಕಳು, ಗರ್ಭಿಣಿಯರು, ವೃದ್ಧರು, ಮಧುಮೇಹ ಅಥವಾ ಮೂತ್ರಪಿಂಡದ ರೋಗವುಳ್ಳವರು ಜೊತೆಗಿದ್ದರೆ ಸಂಶಯವಿರುವ ಸ್ಥಳಕ್ಕೆ ಹೋಗಲೇಬಾರದು. ದೃಢಕಾಯರಿಗೆ ಎರಡು ದಿನದ ಭೇದಿಯಾಗಿ ಮುಗಿಯುವುದು ಇವರಿಗೆ ಪ್ರಾಣಾಪಾಯವಾಗಬಹುದು.
4. ಭೇದಿಯಲ್ಲಿ ರಕ್ತ, ತೀವ್ರ ಜ್ವರ, ನಿಲ್ಲದ ವಾಂತಿ, ಮೂತ್ರ ಕಡಿಮೆಯಾಗುವುದು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಅಲ್ಲಿಯವರೆಗೆ ಓ.ಆರ್.ಎಸ್. ದ್ರಾವಣವನ್ನು ಸ್ವಲ್ಪಸ್ವಲ್ಪವಾಗಿ ಕುಡಿಸುತ್ತಿರಬೇಕು.
5. ತಿದ್ದಿಕೊಳ್ಳದವರ ಬಗ್ಗೆ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ದೂರು ನೀಡಬೇಕು. ಇದು ಹೊಟ್ಟೆಪಾಡಿಗೆ ಕಲ್ಲು ಹಾಕುವ ಕೆಲಸವಲ್ಲ. ಅನ್ನ ಬಡಿಸುವುದೂ ಕಾಯಕವೇ. ಶುಚಿತ್ವವಿಲ್ಲದೆ ಅದು ಕಾಯಕವೆನಿಸದು.

ಅನ್ನದ ಗೌರವ

ತಾಟಿಗೆ ಬಿದ್ದ ಅನ್ನವನ್ನು ಚೆಲ್ಲಬಾರದೆಂದು ನಮ್ಮ ಹಿರಿಯರು ಕಲಿಸಿದ್ದಾರೆ. ಆ ಶ್ರದ್ಧೆಯಿಂದಲೇ ಎಷ್ಟೋ ಹಿರಿಯರು ಹಳಸಿದ ವಾಸನೆ ಬಂದರೂ ಮೌನವಾಗಿ ಉಂಡು ಏಳುತ್ತಾರೆ. ಅನ್ನವನ್ನು ಕೆಡಿಸಬಾರದೆಂಬ ನೇಮವು ಕೆಟ್ಟ ಅನ್ನವನ್ನು ಉಣ್ಣಬೇಕೆಂಬ ಕಟ್ಟಳೆಯಲ್ಲ. ಆದರೂ ಬಡಿಸಿದ ಮೇಲೆ ಬಿಟ್ಟೇಳುವುದು ಮನಸ್ಸಿಗೆ ಕಷ್ಟ. ಆದ್ದರಿಂದಲೇ ನಮ್ಮ ಪರೀಕ್ಷೆ ತಾಟು ಬರುವ ಮೊದಲೇ, ಬಾಗಿಲಲ್ಲೇ ಮುಗಿಯಬೇಕು.

ಈ ಅಳತೆ ಪರರಿಗೆ ಮಾತ್ರವಲ್ಲ. ಲಾಭವಿರಲಿ, ಇಲ್ಲದಿರಲಿ, ಆಹಾರ ನೀಡುವ ಸಂಸ್ಥೆಗಳೆಲ್ಲ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಪ್ರಸಾದ ಸಿದ್ಧಪಡಿಸುವ ಧಾರ್ಮಿಕ ಕ್ಷೇತ್ರಗಳಿಗೆಂದೇ ಪ್ರಾಧಿಕಾರವು ‘ಭೋಗ್’ ಎಂಬ ಯೋಜನೆಯನ್ನು ರೂಪಿಸಿದೆ. ಜಾತ್ರೆ, ಪುಣ್ಯಸ್ಮರಣೆಗಳ ದಾಸೋಹದಲ್ಲಿ ಸೇವೆಗೆ ನಿಲ್ಲುವ ನಾವೆಲ್ಲರೂ ಸಾಬೂನಿನಿಂದ ಕೈ ತೊಳೆದೇ ಬಡಿಸೋಣ, ಅನ್ನವನ್ನು ಬಿಸಿಯಿರುವಾಗಲೇ ಮುಗಿಯುವಂತೆ ಸರದಿಯಲ್ಲಿ ಬೇಯಿಸೋಣ, ಜ್ವರ ಅಥವಾ ಭೇದಿಯಿರುವ ದಿನ ಬಡಿಸುವ ಸೇವೆಯನ್ನು ಇತರರಿಗೆ ಬಿಟ್ಟುಕೊಡೋಣ.