ಬೆರಳು ನಿಂತ ಕಡೆ

ಪ್ರೀತಿಯ ಪುಟ್ಟ,

ಹಾಸ್ಟೆಲ್ ಊಟ ಒಗ್ಗಿತೇ? ಚಟ್ನಿಪುಡಿ ಮುಗಿದಿದ್ದರೆ ಹೇಳು, ಕಳಿಸುತ್ತೇನೆ.

ಮೊನ್ನೆ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಒಂದು ರೀಲ್ ಹಾಕಿದ್ದೆಯಲ್ಲ, ಬಳುಕಿ ನಡೆಯುವ ಹುಡುಗನೊಬ್ಬನನ್ನು ಸಲಿಂಗಕಾಮಿ ಎಂದು ಆಡಿಕೊಳ್ಳುವುದು, ಅದರ ಬಗ್ಗೆ ಎರಡು ಮಾತು. ಕೋಪವಿಲ್ಲ ಮಗಾ. ನಿನ್ನನ್ನು ಎತ್ತಿ ಆಡಿಸಿದವಳು ನಾನು, ನಿನ್ನ ಮನಸ್ಸು ಕೆಟ್ಟದ್ದಲ್ಲ ಎಂದು ಬಲ್ಲೆ. ಆದರೆ ನಮ್ಮ ಗುಂಪಿನಲ್ಲೇ ಯಾರೋ ಒಬ್ಬರಿಗೆ ಅದನ್ನು ನೋಡಿ ನಗಲಾಗದೆ ಹೋಗಿರಬಹುದು ಎಂದು ನಿನಗೆ ಹೊಳೆಯಲಿಲ್ಲ. ನನಗೆ ನೋವಾದದ್ದು ಅದಕ್ಕೆ.

ಅಂಥದ್ದೊಂದನ್ನು ಕೊನೆಯವರೆಗೆ ನೋಡಿದರೆ ಅಂಥವೇ ಇನ್ನೂ ಹತ್ತು ಬರುತ್ತವೆ. ಮೆಚ್ಚಿ ನೋಡಿದೆಯೋ, ಹೇಸಿ ನೋಡಿದೆಯೋ ಫೋನಿಗೆ ತಿಳಿಯದು. ಬೆರಳು ಎಲ್ಲಿ ಎಷ್ಟು ಹೊತ್ತು ನಿಂತಿತು ಎಂಬುದೇ ಅದಕ್ಕೆ ದೊಡ್ಡ ಲೆಕ್ಕ. ಕೆಲವು ವಾರ ಹೀಗೇ ನಡೆದರೆ ಊರೆಲ್ಲ ಹೀಗೇ ಯೋಚಿಸುತ್ತದೆ ಅನ್ನಿಸತೊಡಗುತ್ತದೆ. ಊರೆಲ್ಲ ಹಾಗಿಲ್ಲ. ಸಲಿಂಗಕಾಮವನ್ನು ಸಮಾಜ ಒಪ್ಪಬೇಕೇ ಎಂದು ಪ್ಯೂ ಸಂಶೋಧನಾ ಸಂಸ್ಥೆ 2019ರಲ್ಲಿ ಕೇಳಿದಾಗ ಭಾರತದಲ್ಲಿ ನೂರಕ್ಕೆ 37 ಜನ ಹೌದೆಂದರು. ಕೆಲವೇ ವರ್ಷ ಹಿಂದೆ ಹಾಗೆಂದವರು 15 ಮಾತ್ರ. ನಡುವೆ ಅಗ್ಗದ ಇಂಟರ್ನೆಟ್ ಹಳ್ಳಿಹಳ್ಳಿಗೆ ಬಂತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ವಯಸ್ಕರು ಪರಸ್ಪರ ಒಪ್ಪಿ ಕೂಡುವುದು ದಂಡ ಸಂಹಿತೆಯ 377ನೇ ಕಲಮಿನಡಿ ಅಪರಾಧವಲ್ಲ ಎಂದಿತು. ಯಾವುದರಿಂದ ಎಷ್ಟು ಬದಲಾಯಿತು ಎಂದು ತೂಗಿ ಹೇಳಲಾರೆ. ಆದರೆ ನೀನು ಹಿಡಿದಿರುವ ಅದೇ ಫೋನಿನಲ್ಲಿ, ಯಾವುದೋ ತಾಲ್ಲೂಕಿನ ಹುಡುಗನೊಬ್ಬ ಬಾಗಿಲು ಹಾಕಿಕೊಂಡು, ತನ್ನಂಥವರು ಬೇರೆಯೂ ಇದ್ದಾರೆ ಎಂದು ಮೊದಲ ಸಲ ತಿಳಿದುಕೊಂಡಿರುತ್ತಾನೆ. ಅವನ ಜೀವ ಉಳಿಸುವಷ್ಟು ದೊಡ್ಡದು ಆ ತಿಳಿವು. ಅವನ ಫೋನಿಗೂ ನಿನ್ನ ರೀಲಿನಂಥದ್ದು ಬರುತ್ತದೆ ಅನ್ನುವುದೇ ನನ್ನ ಸಂಕಟ.

ಅವನಂಥವರಿಗೆ ಬೇರೆ ಅಪಾಯಗಳೂ ಇವೆ. ಸ್ನೇಹ ಬೆಳೆಸಿ, ಫೋಟೊ ತೆಗೆದುಕೊಂಡು, ಮನೆಗೆ ಹೇಳುತ್ತೇನೆಂದು ಹೆದರಿಸಿ ದುಡ್ಡು ಕೀಳುವವರು ಇದ್ದಾರೆ. 'ಗುಣಪಡಿಸುತ್ತೇವೆ' ಎನ್ನುವ ವೀಡಿಯೊಗಳೂ ಇವೆ. ಗುಣಪಡಿಸಲು ಸಲಿಂಗಕಾಮ ಕಾಯಿಲೆಯೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಅದನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ಅಂಥ ಚಿಕಿತ್ಸೆ ಕೊಡುವುದು ವೈದ್ಯರಿಗೆ ಸಲ್ಲದ ನಡತೆ ಎಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗವೂ 2022ರಲ್ಲಿ ಹೇಳಿತು. ಇದನ್ನು ನಿನ್ನ ಗೆಳೆಯರಿಗೂ ಹೇಳು.

ಈ ಪತ್ರದ ಜೊತೆ ವಸುಧೇಂದ್ರರ 'ಮೋಹನಸ್ವಾಮಿ' ಕಳಿಸಿದ್ದೇನೆ. 2013ರಲ್ಲಿ ಬಂದ ಕಥಾಸಂಕಲನ. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಇಂಥ ಸಂಬಂಧ ಅಪರಾಧವಲ್ಲ ಎಂದಿದ್ದ ದೆಹಲಿ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿ 377ನ್ನು ಮತ್ತೆ ಜಾರಿಗೆ ತಂದಿತ್ತು. ಅಂಥ ಕಾಲದಲ್ಲಿ ಕನ್ನಡದಲ್ಲಿ ಸಲಿಂಗಕಾಮಿಯೊಬ್ಬನ ಬದುಕನ್ನು ಬರೆಯಲು ಎಷ್ಟು ಎದೆಗಾರಿಕೆ ಬೇಕಿತ್ತೋ! ಅರ್ಧ ನಿಮಿಷದ ರೀಲಿನಲ್ಲಿ ಕಾಣುವುದು ಒಬ್ಬನ ನಡಿಗೆ ಮಾತ್ರ. ಕಥೆ ಓದುವಾಗ ಅವನ ಜೊತೆ ಮನೆಯೊಳಗೆ ಹೋಗುತ್ತೀಯ, ಅವನ ಭಯ ನಿನ್ನದಾಗುತ್ತದೆ. ಫೋನ್ ಬದಿಗಿಟ್ಟು ಒಂದು ಭಾನುವಾರ ಓದು.

ಇನ್ನೊಂದು ವಿಷಯ. ನಿನ್ನ ರೂಮಿನವನೋ ನಮ್ಮ ಮನೆಯ ಮಗುವೋ ನಾಳೆ ತಾನೂ ಸಲಿಂಗಕಾಮಿ ಎಂದು ಹೇಳಿಕೊಳ್ಳಬೇಕೆಂದರೆ ಮೊದಲು ನೆನೆಯುವುದು ನೀನು ಏನೇನು ಕಳಿಸಿದ್ದೆ, ಯಾವುದಕ್ಕೆ ನಕ್ಕಿದ್ದೆ ಎಂಬುದನ್ನು. ಅದರ ಮೇಲೆ ಅವರು ಹೇಳುತ್ತಾರೆ, ಇಲ್ಲವೇ ನುಂಗಿಕೊಳ್ಳುತ್ತಾರೆ. ಹೇಳಿದರೆ ಯಾರಿಗೂ ದಾಟಿಸಬೇಡ, ಅವರ ಅಪ್ಪ ಅಮ್ಮನಿಗೂ. ಮನೆಯಲ್ಲಿ ಜಾಗ ಇಲ್ಲವಾದರೆ ಅತ್ತೆ ಮನೆಯ ಬಾಗಿಲು ತೆರೆದಿದೆ ಎಂದು ತಿಳಿಸು.

ನನ್ನ ಮಾತು ಒಪ್ಪಿಗೆಯಾಗದಿದ್ದರೆ ಬರೆ. ದೀಪಾವಳಿಗೆ ಬಂದಾಗ ಕೂತು ವಾದ ಮಾಡೋಣ.

ನಿನ್ನ,
ಅತ್ತೆ